ಕಲ್ಲಪ್ಪನ ಒಂಟಿ ಸೀಟಿನ ಗಿರಿಗಿಟ್ಲೆ

ಕಲ್ಲಪ್ಪ ಶಿವೈಕ್ಯನಾದ ಸುದ್ದಿ ಬಂದಾಗ ಅವನ ಅಣ್ಣ ಬೆನಕಪ್ಪನವರ ಮುಖದಲ್ಲಿ ಅರ್ಧ ಭಾಗಕ್ಕೆ ಮಾತ್ರ ಕ್ಷೌರವಾಗಿತ್ತು. ಶಿರಾಳಕೊಪ್ಪದಲ್ಲಿ ಅಂದು ಸಂತೆ. ಬಸ್‌ಸ್ಟ್ಯಾಂಡಿನ ಪಕ್ಕದ ಕ್ಷೌರದಂಗಡಿಯಲ್ಲಿ ಎಡಗೆನ್ನೆ ನುಣ್ಣಗಾಗಿ, ಬಲಗೆನ್ನೆಗೆ ಸೋಪಿನ ನೊರೆ ಹಚ್ಚಿಸಿಕೊಂಡು ಅವರು ಕೂತಿದ್ದಾಗ ಜೇಬಿನ ಮೊಬೈಲು ಬಡಿದುಕೊಂಡಿತು. ಕೋಡಿಕೊಪ್ಪದಿಂದ ತಮ್ಮನ ಹೆಂಡತಿ ರಾಜೇಶ್ವರಮ್ಮ.

"ಭಾವಾರೇ, ಚಾ ಕೊಡಾಕೆ ಶೆಡ್ಡಿಗೆ ಹೋಗಿದ್ದೆ. ಸೀಟಿನ ಮ್ಯಾಲೆ ಕೂತಾರೆ. ಮಾತಾಡ್ತಿಲ್ಲ. ಬರ್ರಿ."

ಬೆನಕಪ್ಪನವರು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು ಓಡಿದರು. ಅವರ ಅರವತ್ತೆಂಟು ವರ್ಷದ ಬಾಳಿನಲ್ಲಿ ಚಲಿಸುವ ಬಸ್ಸನ್ನು ಹತ್ತಿದ್ದು ಅಂದು ಮೊದಲು. ಬಸ್ಸಿನಲ್ಲಿ ತಮ್ಮ ಸೀಟಿನ ಮೇಲೆ ಬೇರೆಯವರು ಕೂತರೆ, ಅವರಿಗೆ ಗಾಳಿ ಬರಲೆಂದು ಕಿಟಕಿಯನ್ನೂ ಸರಿಸಿಕೊಟ್ಟು ನಿಂತುಕೊಳ್ಳುವ ಮನುಷ್ಯ ಅವರು. ಇಂಥವರನ್ನು ಲೋಕ ಒಳ್ಳೆಯವರು ಎಂದು ಕರೆದು, ಆಮೇಲೆ ಅವರ ಕಡೆಗೆ ನೋಡುವುದಿಲ್ಲ.

ಕಲ್ಲಪ್ಪ ಶೆಡ್ಡಿನಲ್ಲಿ ತಾನೇ ಕಟ್ಟಿದ ಗಾಡಿಯ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಮುಖ ಮೇಲಕ್ಕೆ ಎತ್ತಿತ್ತು. ಕೈಯಲ್ಲಿ ಸ್ಪ್ಯಾನರ್ ಇತ್ತು. ನಮ್ಮ ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಬದುಕಿರುವಷ್ಟು ಕಾಲ ಯಾರಿಗೂ ಕೆಲಸ ಹಚ್ಚದ ಕಲ್ಲಪ್ಪ ಅದೊಂದನ್ನೂ ಪರರಿಗೆ ಉಳಿಸದೆ ತಾನೇ ಕೂತು ಹೊರಟಿದ್ದ.

ಆ ಗಾಡಿಯ ವಿಷಯ ಹೇಳಬೇಕು. ಕಲ್ಲಪ್ಪನದು ಟಿಲ್ಲರ್ ರಿಪೇರಿಯ ಗ್ಯಾರೇಜು. ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಒಂದು ಪುಟ್ಟ ವಿಮಾನದ ನಕ್ಷೆಯನ್ನು ಎಲ್ಲಿಂದಲೋ ತರಿಸಿಕೊಂಡು, ಬಿಡುವಾದಾಗಲೆಲ್ಲ ಅದನ್ನು ಕಟ್ಟುತ್ತ ವರ್ಷಗಳನ್ನೇ ಕಳೆದಿದ್ದ. ಅಲ್ಯೂಮಿನಿಯಂ ಕೊಳವೆಯ ಮೈ, ಮೂರು ಗಾಲಿ, ಒಬ್ಬರೇ ಕೂರುವ ಸೀಟು, ಸೀಟಿನ ಬೆನ್ನಿಗೆ ಇಂಜಿನ್ನು, ಅದರ ಹಿಂದೆ ತಳ್ಳುವ ಪಂಖ. ತಲೆಯ ಮೇಲೆ ಎರಡು ಉದ್ದನೆಯ ರೆಕ್ಕೆ. ಆ ರೆಕ್ಕೆಗೂ ಇಂಜಿನ್ನಿಗೂ ಸಂಬಂಧವಿಲ್ಲ. ಗಾಡಿ ಮುಂದೆ ಓಡಿದರೆ, ಹುಡುಗರು ಓಡುವಾಗ ಕೈಯಲ್ಲಿನ ಗಿರಿಗಿಟ್ಲೆ ತಿರುಗುವಂತೆ, ಗಾಳಿಗೆ ತಾನೇ ತಿರುಗಿ ಎತ್ತುತ್ತದೆ. ಪುಸ್ತಕದಲ್ಲಿ ಇದರ ಹೆಸರು ಆಟೋಜೈರೊ. ಕೋಡಿಕೊಪ್ಪದಲ್ಲಿ ಇದರ ಹೆಸರು ಕಲ್ಲಪ್ಪನ ಹುಚ್ಚು. ಮುಗಿದ ಮೇಲೂ ಅವನು ಇಂಜಿನ್ ಚಾಲೂ ಮಾಡಿರಲಿಲ್ಲ. ಹೊಸ ಗಾಡಿಯನ್ನು ಪೂಜೆಯಾಗದೆ ಓಡಿಸಬಾರದು ಎಂಬುದು ಅವರ ಮನೆಯ ಕಟ್ಟು. ಪೂಜೆಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಶಿವ ಕರೆದ.

ಮಣ್ಣು ಮಾಡಿ ಬಂದು ಎಲ್ಲರೂ ಜಗಲಿಯ ಮೇಲೆ ಕೂತಿದ್ದರು. ರಾಜೇಶ್ವರಮ್ಮನ ತಮ್ಮ ರೇಣುಕಾಪ್ರಸಾದ್, ಸೊರಬದಲ್ಲಿ ಸಿಮೆಂಟಿನ ವ್ಯಾಪಾರದವನು, ಗಂಟಲು ಸರಿಮಾಡಿಕೊಂಡ.

"ಅಲ್ಲ ಬೀಗರೇ, ನಮ್ಮ ಭಾವ ದೇವರಂಥ ಮನುಷ್ಯ, ಒಪ್ಪಿದೆ. ಆದ್ರೆ ಆ ಕಬ್ಬಿಣದ ಕಸ ಏನು ಮಾಡೂದು ಮಾರಾಯ್ರೆ? ನಾನು ಬಗ್ಗಿ ನೋಡ್ದೆ. ಮೇಲಿನ ರೆಕ್ಕೆಗೆ ಬೆಲ್ಟಿಲ್ಲ, ಚೈನಿಲ್ಲ. ಕನೆಕ್ಷನ್ ಕೊಡೂದೇ ಮರ್ತಿದಾರೆ! ಆನವಟ್ಟಿ ಗುಜರಿಯವನಿಗೆ ಹೇಳಿಟ್ಟಿದೀನಿ."

"ಅದೂ ಒಂದೇ ಸೀಟು ನೋಡ್ರಿ," ಎಂದರು ಮೂಲೆಯಲ್ಲಿದ್ದ ಒಬ್ಬ ಹೆಂಗಸು. "ಹೆಂಡ್ತಿ ಅಂತ ಒಬ್ಳು ಅದಾಳೆ ಅನ್ನೋ ಖಬರಾದ್ರೂ ಬ್ಯಾಡ್ವಾ?"

ಒಳಮನೆಯ ಬಾಗಿಲಲ್ಲಿ ರಾಜೇಶ್ವರಮ್ಮ ನಿಂತಿದ್ದಳು. ಬೆನಕಪ್ಪನವರು ಅವಳ ಮುಖ ನೋಡಿದರು. ಹುಟ್ಟಿದಾಗಿನಿಂದ ಒಳಗೆ ಇಳಿಸಿಕೊಂಡು ಬಂದಿದ್ದೆಲ್ಲ ಒಮ್ಮೆಲೇ ಮೇಲೆ ಬಂತು.

"ಅದು ಹಾರ್ತೈತೆ!" ಎಂದು ಕೂಗಿದರು. "ಆರಾಧನೆ ದಿನ ಹಾರ್ತೈತೆ! ನಿಂತು ನೋಡ್ರಿ!"

ಜಗಲಿಯಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು.

"ಯಾರು ಹಾರಿಸ್ತಾರೆ?" ಎಂದು ಯಾರೋ ಕೇಳಿದರು.

ಅದನ್ನು ಬೆನಕಪ್ಪನವರು ಯೋಚಿಸಿರಲಿಲ್ಲ. ಗಾಬರಿಯಲ್ಲಿ ಗಡ್ಡ ನೀವಿಕೊಳ್ಳಲು ಹೋದರು. ಕೈಗೆ ಸಿಕ್ಕಿದ್ದು ಅರ್ಧ ಗಡ್ಡ.

"ಕೇಳೋದೇನೈತೆ?" ಎಂದ ಕಂಬಕ್ಕೆ ಒರಗಿದ್ದ ಮುದುಕ. "ಮುಖ ನೋಡಿದ್ರೆ ತಿಳಿಯಲ್ವಾ? ಅರ್ಧ ಬೋಳಿಸಿ ಅರ್ಧ ಬಿಟ್ಟಾರೆ. ಹರಕೆ! ಹಾರಿ ಇಳಿದ ಮ್ಯಾಲೇ ಉಳಿದರ್ಧ!"

ಎಲ್ಲರೂ ಹೌದು ಹೌದು ಎಂದರು. ಒಬ್ಬರು ಬೆನಕಪ್ಪನವರ ಕಾಲು ಮುಟ್ಟಿ ನಮಸ್ಕರಿಸಿದರು. ನಮಸ್ಕಾರ ಮಾಡಿಸಿಕೊಂಡ ಮೇಲೆ ಅಲ್ಲ ಎಂದು ಹೇಳುವುದು ಕಷ್ಟ. ರೇಣುಕಾಪ್ರಸಾದ್ ಮಾತ್ರ ನಕ್ಕ. "ಆಯ್ತು ಬೀಗರೇ. ಹಾರಿದ್ರೆ ನಾನೇ ಅದಕ್ಕೆ ಹಾರ ಹಾಕ್ತೇನೆ. ಹಾರಲಿಲ್ಲ ಅಂದ್ರೆ ಅವತ್ತು ಸಂಜೆನೇ ಗುಜರಿ ಲಾರಿ ಬರ್ತದೆ."

ಮನೆಗೆ ಹೋಗಿ ಉಳಿದರ್ಧವನ್ನು ಬೋಳಿಸಿಕೊಂಡಿದ್ದರೆ ಹರಕೆಯೂ ಮುಗಿಯುತ್ತಿತ್ತು, ಕಥೆಯೂ ಮುಗಿಯುತ್ತಿತ್ತು. ಆದರೆ ಸಾವಾದ ಮನೆಯ ಗಂಡಸರು, ತೀರಿಕೊಂಡವರ ಹೆಸರಿನಲ್ಲಿ ಪೂಜೆ, ಪ್ರಸಾದ ನಡೆಯುವ ಆರಾಧನೆಯ ತನಕ ಕತ್ತಿ ಸೋಕಿಸುವುದಿಲ್ಲ. ಲಿಂಗವಂತರಿಗೆ ಸೂತಕವಿಲ್ಲ ಎಂದು ಬಾಯಿ ತುಂಬ ಹೇಳುತ್ತೇವೆ. ಗಡ್ಡಕ್ಕೆ ಮಾತ್ರ ಅದು ಹೇಗೋ ಉಳಿದುಕೊಂಡಿದೆ. ಹೀಗಾಗಿ ಬೆನಕಪ್ಪನವರ ಬಲಗೆನ್ನೆ ದಿನದಿನಕ್ಕೂ ಬೆಳೆದು, ಎಡಗೆನ್ನೆಗಿಂತ ಮುಂದೆಯೇ ಉಳಿದು, ಅವರ ಹರಕೆಯನ್ನು ಊರೂರಿಗೆ ಸಾರುತ್ತ ಹೋಯಿತು.

ಅವರ ಹೆಂಡತಿ ನಿರ್ಮಲಮ್ಮ ತಲೆ ಚಚ್ಚಿಕೊಂಡರು. "ರೀ, ಅಟ್ಟದ ಮ್ಯಾಲಿನ ಉಪ್ಪಿನಕಾಯಿ ಭರಣಿ ಇಳಿಸೋಕೆ ಏಣಿ ಹತ್ತಿದೋರು, ನಡುವೆ ನಿಂತು ಕಣ್ಣು ಮುಚ್ಚಿ ಶಿವಾ ಅಂದ್ರಿ. ಆಮೇಲೆ ನಿಮ್ಮನ್ನ ಇಳಿಸೋಕೆ ಪಕ್ಕದ ಮನೆಯೋರು ಬಂದ್ರು. ಭರಣಿ ಇನ್ನೂ ಅಲ್ಲೇ ಐತೆ."

"ಹಾರ್ತೈತೆ ಅಂದೆ. ಹಾರ್ತೀನಿ ಅನ್ನಲಿಲ್ಲ."

"ಹಂಗಂತ ಊರಿಗೆ ಹೇಳ್ರಿ."

"ಹೇಳಿದ್ರೆ ಗುಜರಿಯೋನು ಬರ್ತಾನೆ. ನನ್ನ ತಮ್ಮ ಹುಚ್ಚ ಆಗ್ತಾನೆ."

ನಿರ್ಮಲಮ್ಮ ಏಣಿ ತಂದು ಅಟ್ಟಕ್ಕೆ ಒರಗಿಸಿದರು. ಭರಣಿಯನ್ನು ತಾವೇ ಹತ್ತಿ ಇಳಿಸಿಕೊಂಡರು.

ದುಃಖ ಕೇಳಲು ಬರುವವರು ಈಗ ಕೋರಿಕೆ ಹೊತ್ತು ಬರತೊಡಗಿದರು. ಕ್ಯಾಸನೂರಿನ ಕಡೆಯವನೊಬ್ಬ ಕಣ್ಣೀರು ಒರೆಸಿಕೊಂಡು, "ಕಲ್ಲಪ್ಪ ದೊಡ್ಡ ಮನುಷ್ಯ" ಎಂದು, ಅದೇ ಉಸಿರಿನಲ್ಲಿ, "ನಮ್ಮ ಎಮ್ಮೆ ಕಾಡಂಚಿಗೆ ಹೋಗಿದ್ದು ಬಂದಿಲ್ಲ. ಎಡಗೊಂಬು ವಾಲಿದೆ. ಮೇಲಿಂದ ನೋಡಿದ್ರೆ ಥಟ್ಟನೆ ಗೊತ್ತಾಗ್ತದೆ" ಎಂದ. ಒಬ್ಬಾಕೆಗೆ ಮಗಳ ಗಂಡನ ಮನೆಯ ಹೆಂಚು ಸರಿಯಿದೆಯೇ ನೋಡಬೇಕಿತ್ತು. ಕೊನೆಗೆ ಬಂದ ಒಬ್ಬ ರೈತ ಬೆನಕಪ್ಪನವರ ಕಿವಿಗೆ ಬಾಯಿಟ್ಟ.

"ಅಣ್ಣಾರೇ, ಮ್ಯಾಲಿಂದ ಕೆರೆ ಪೂರ್ತಿ ಕಾಣ್ತೈತೆ. ಯಾರ್ಯಾರು ಎಷ್ಟೆಷ್ಟು ಒತ್ತುವರಿ ಮಾಡ್ಯಾರೆ, ಕಣ್ಣಾಗೆ ಇಟ್ಕಂಡು ಬರ್ರಿ."

ಈ ಮಾತು ಊರಿಗೆ ಹೋಗಿ ಮುಟ್ಟಿದ ಗಳಿಗೆಯಿಂದ ಕೋಡಿಕೊಪ್ಪದಲ್ಲಿ ಬಹಳ ಜನಕ್ಕೆ ಊಟ ಸೇರಲಿಲ್ಲ. ಅವರಲ್ಲಿ ಮೊದಲಿಗರು ಪರಮಶಿವಪ್ಪನವರು. ಅವರು ಕೆರೆ ಸಂಘದ ಅಧ್ಯಕ್ಷರು. ಕೆರೆಯ ಮೇಲೆ ಅವರಿಗೆ ಎಷ್ಟು ಪ್ರೀತಿಯೆಂದರೆ, ಅದರ ಪಡುವಣ ಭಾಗಕ್ಕೆ ತಂತಿ ಬೇಲಿ ಹಾಕಿಸಿ ಒಳಗೆ ಸೌತೆ ಬೆಳೆಯುತ್ತಿದ್ದರು. ಆರಾಧನೆ ಹತ್ತಿರವಾದಾಗ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು.

"ಬೆನಕಪ್ನೋರೇ, ಹಾರೋದೇ ಆದ್ರೆ ಮೂಡಗಡೆ ಹಾರ್ರಿ. ಪಡುವಗಡೆ ಗಾಳಿ ಸರಿ ಇಲ್ಲ."

"ಪಡುವಗಡೆ ಏನೈತ್ರಿ?"

"ಏನೂ ಇಲ್ಲ. ಅದಕ್ಕೇ ಹೇಳಿದ್ದು. ಏನೂ ಇಲ್ಲದ ಕಡೆ ಯಾಕೆ ನೋಡಬೇಕು?"

ನಿಜ ಹೇಳಿ ಪಾರಾಗಲು ಬೆನಕಪ್ಪನವರಿಗೆ ಇದು ಒಳ್ಳೆಯ ಸಮಯವಾಗಿತ್ತು. "ಪರಮಶಿವಪ್ಪನೋರೇ, ಅಸಲಿಗೆ ನಾನು..." ಎಂದು ಶುರುವನ್ನೂ ಮಾಡಿದರು.

"ತಿಳೀತದೆ ಬಿಡ್ರಿ," ಎಂದು ಪರಮಶಿವಪ್ಪನವರು ಅವರ ತೊಡೆ ತಟ್ಟಿದರು. "ತಮ್ಮಂಗೆ ತಲೆ ಸರಿ ಇರಲಿಲ್ಲ. ಅದು ಮನೆತನದಾಗೆ ಬರ್ತದೆ."

"ಎಲ್ಲಾ ದಿಕ್ಕಿಗೂ ಹಾರ್ತೀನಿ!" ಎಂದರು ಬೆನಕಪ್ಪನವರು. "ಪಡುವಗಡೆ ಎರಡು ಸಲ!"

ಪರಮಶಿವಪ್ಪನವರು ಬಾಳೆಹಣ್ಣನ್ನು ವಾಪಸು ಎತ್ತಿಕೊಂಡು ನೇರ ಠಾಣೆಗೆ ಹೋದರು.

ಮರುದಿನ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಶರತ್ ಹೊಸಬ, ವಯಸ್ಸು ಚಿಕ್ಕದು, ಮೀಸೆ ದೊಡ್ಡದು. ಶೆಡ್ಡಿನಲ್ಲಿ ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಏನ್ರಿ ಇದು?"

"ಗಿರಿಗಿಟ್ಲೆ ಸಾರ್. ಪುಸ್ತಕದಾಗೆ ಆಟೋಜೈರೊ ಅಂತಾರೆ."

"ಆಟೋನಾ? ಮೂರು ಗಾಲಿ ಐತೆ, ಸರಿ. ಪರ್ಮಿಟ್ ಎಲ್ಲಿ?"

"ಹಾರೋ ಗಾಡಿ ಸಾರ್."

ಎಸ್‌ಐ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹಾರೋದಕ್ಕೆ ಡೆಲ್ಲಿಯಿಂದ ಪರ್ಮಿಷನ್ ಬೇಕು. ಹಾರಿದ್ರೆ ನಿಮ್ಮ ಮೇಲೆ ಕೇಸು, ಗಾಡಿ ಜಪ್ತಿ. ತಿಳೀತಾ?"

"ಪೂಜೆ ಮಾಡೋಕೆ?"

"ಪೂಜೆಗೆ ಬೇಡ."

"ನಿಂಬೆಹಣ್ಣಿನ ಮ್ಯಾಲೆ ಹತ್ತಿಸೋಕೆ?"

ಎಸ್‌ಐ ಹೊರಗೆ ನಿಂತಿದ್ದ ಜೀಪಿನ ಕಡೆ ನೋಡಿದರು. ಆಯುಧಪೂಜೆಯಲ್ಲಿ ಅದೂ ನಿಂಬೆಹಣ್ಣು ತುಳಿದ ಗಾಡಿಯೇ. "ಇಂಜಿನ್ ಹಾಕದೆ ತಳ್ಳಿ ಹತ್ತಿಸಿ," ಎಂದರು.

"ತಳ್ಳಿ ಹತ್ತಿಸಿದ್ರೆ ಅದು ಹೆಣದ ಗಾಡಿ ಸಾರ್. ನಮ್ಮ ಮನೆಯಾಗೆ ಹೆಣ ಆಗ್ಲೇ ಹೋಗ್ಯದೆ. ಗಾಡಿ ತಾನಾಗಿ ಹತ್ತಬೇಕು."

ಬೆನಕಪ್ಪನವರ ಅರ್ಧ ಮುಖ ಮೃದುವಾಗಿ ಬೇಡುತ್ತಿತ್ತು, ಉಳಿದರ್ಧ ಕತ್ತಿ ಹಿಡಿದಂತೆ ಕಾಣುತ್ತಿತ್ತು. ಯಾವುದಕ್ಕೆ ಉತ್ತರ ಕೊಡಬೇಕೆಂದು ಎಸ್‌ಐಗೆ ತಿಳಿಯಲಿಲ್ಲ. "ಒಂದೇ ಒಂದು ಚೊಂಬು ಪೆಟ್ರೋಲು. ಗಾಲಿ ನೆಲ ಬಿಡಬಾರದು," ಎಂದು ಹೇಳಿ ಹೊರಟರು.

ಆರಾಧನೆಯ ದಿನ ಬಂತು. ಬೇಸಗೆಗೆ ಕೆರೆ ಬತ್ತಿ, ಅಂಗಳ ಕಣದಂತೆ ಗಟ್ಟಿಯಾಗಿತ್ತು. ಶಿಕಾರಿಪುರದ ಕಡೆಯಿಂದ, ಸೊರಬದ ಕಡೆಯಿಂದ, ಬೈಕು, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಜನ ಬಂದು ಕೆರೆ ಏರಿ ತುಂಬಿದರು. ಪ್ರಸಾದದ ಗೋಧಿ ಹುಗ್ಗಿಗೆ ಮತ್ತೆ ಮತ್ತೆ ಬೆಲ್ಲ ತರಿಸಬೇಕಾಯಿತು. ದೂರದಲ್ಲಿ ಗುಜರಿಯವನ ಲಾರಿಯೂ ಬಂದು ನಿಂತಿತ್ತು. ಪರಮಶಿವಪ್ಪನವರು ತಮ್ಮ ತಂತಿ ಬೇಲಿಯ ಮುಂದೆ ಕೊಡೆ ಬಿಡಿಸಿ, ಹಿಂದಿರುವುದು ಕಾಣದಂತೆ ನಿಂತಿದ್ದರು. ಬೇಲಿ ಉದ್ದವಿತ್ತು, ಕೊಡೆ ಚಿಕ್ಕದಿತ್ತು.

ಗಾಡಿಯನ್ನು ಶೆಡ್ಡಿನಿಂದ ಕೆರೆಯ ಅಂಗಳಕ್ಕೆ ಎಳೆದು ತಂದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಪ್ರತಿ ಗಾಲಿಯ ಮುಂದೆ ನಿಂಬೆಹಣ್ಣು ಇಡುವ ಹೊತ್ತಿಗೆ ರೇಣುಕಾಪ್ರಸಾದ್ ಅಡ್ಡ ಬಂದ.

"ಅಯ್ಯನೋರೇ, ಸಾವಿನ ಮನೇಲಿ ವಾಹನ ಪೂಜೆ ಮಾಡ್ಬಹುದಾ? ಸೂತಕ ಅಲ್ವಾ? ಅದೂ ನಿಂಬೆಹಣ್ಣು ಇಡ್ತಿರೋದು ನಮ್ಮಕ್ಕ. ಗಂಡನ್ನ ಕಳ್ಕೊಂಡೋಳು..."

ಪೂಜೆಗೆ ಬಂದಿದ್ದ ಜಂಗಮ ಅಯ್ಯನವರು ಬಾಯಿ ತೆರೆಯುವ ಮೊದಲೇ ಬೆನಕಪ್ಪನವರು ತೆರೆದರು. "ಲಿಂಗ ಕಟ್ಟಿದೋರಿಗೆ ಯಾವ ಸೂತಕನಪ್ಪಾ? ಕೊರಳಾಗಿನ ಲಿಂಗ ನೀ ಏನಕ್ಕೆ ಕಟ್ಕಂಡೀಯಾ, ಷರಟಿನ ಗುಂಡಿ ಅಂತಾನಾ? ಗಾಡಿ ಕಟ್ಟಿದೋನ ಹೆಂಡ್ತಿ ಇಡದೆ ಮತ್ಯಾರು ಇಡಬೇಕು?"

"ಹಂಗಾದ್ರೆ ನಿಮ್ಮ ಗಡ್ಡ ಯಾಕೆ ಬಿಟ್ಟೀರಿ?" ಎಂದು ಏರಿಯ ಮೇಲಿನಿಂದ ಯಾರೋ ಕೇಳಿದರು.

"ಅರ್ಧ ನಂದು, ಅರ್ಧ ಊರಿಂದು!" ಎಂದರು ಬೆನಕಪ್ಪನವರು. ಏರಿ ಪೂರ್ತಿ ನಕ್ಕಿತು. ಅಯ್ಯನವರು ನಕ್ಕು, "ಸೂತಕ ಇಲ್ಲ. ಇಡವ್ವ ತಾಯಿ," ಎಂದರು.

ರಾಜೇಶ್ವರಮ್ಮ ನಿಂಬೆಹಣ್ಣು ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಲಿನ ರೆಕ್ಕೆಗೆ ಯಾರೋ ಸುತ್ತಿದ್ದ ಮಾಲೆಯನ್ನು ಬಿಚ್ಚಿದಳು. "ಕೂತ್ಕರ್ರಿ ಭಾವಾರೇ. ಶುರುವಿಗೆ ರೆಕ್ಕೆನ ಕೆಳಗಿಂದ ಒಬ್ರು ಕೈಲಿ ತಿರುವಬೇಕು. ಅದಕ್ಕೇ ಒಂದೇ ಸೀಟು. ನಾನೇ ಹೇಳಿದ್ದೆ, ನಾನು ಮ್ಯಾಲೆ ಬರಾಕಿಲ್ಲ, ನಿಮ್ಮನ್ನ ಬಿಡೋಳು ನಾನೇ, ಹಿಡಿಯೋಳೂ ನಾನೇ ಅಂತ."

ಅಂದು ಜಗಲಿಯ ಮೂಲೆಯಲ್ಲಿ ಒಂದೇ ಸೀಟೆಂದು ಆಡಿದ್ದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಂಡರು.

"ಬಿದ್ರೆ ಏನವ್ವಾ?" ಎಂದು ಬೆನಕಪ್ಪನವರು ಪಿಸುಗುಟ್ಟಿದರು.

"ಬೀಳಾಕಿಲ್ಲ. ಇಂಜಿನ್ ನಿಂತ್ರೂ ರೆಕ್ಕೆ ತಿರುಗ್ತಾನೇ ಇರ್ತದಂತೆ. ಮೆತ್ತಗೆ ಇಳೀತದೆ ಅಂತಿದ್ರು."

ಬೆನಕಪ್ಪನವರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಕೂತರು. ಹಾರುವ ಇರಾದೆ ಅವರಿಗೆ ಇರಲಿಲ್ಲ. ನಿಂಬೆಹಣ್ಣು ತುಳಿಸಿ ನಿಲ್ಲಿಸಬೇಕು, ಆಮೇಲೆ ಶಿವ ಏನಾದರೂ ದಾರಿ ತೋರಿಸುತ್ತಾನೆ, ಇಷ್ಟೇ. ಎಸ್‌ಐ ಎದುರಿಗೇ ಒಂದು ಚೊಂಬು ಪೆಟ್ರೋಲು ಬಿತ್ತು. ಇಂಜಿನ್ನು ಗುಡುಗಿತು. ರಾಜೇಶ್ವರಮ್ಮ ರೆಕ್ಕೆಯನ್ನು ತಳ್ಳಿ ತಳ್ಳಿ ತಿರುವಿ, ಬಗ್ಗಿ ದೂರ ಸರಿದಳು. ನಿಂಬೆಹಣ್ಣು ಚಿಟಿಲ್ ಎಂದು ಒಡೆದವು. ಪೂಜೆ ಸಾಂಗವಾಯಿತು.

ಆದರೆ ಗಾಡಿ ನಿಲ್ಲಲಿಲ್ಲ. ಪಡುವಣ ಗಾಳಿಗೆ ಎದುರಾಗಿ ಓಡತೊಡಗಿತು. ರೆಕ್ಕೆ ಮೇಲೆ ಸುಂಯ್ಯೆಂದಿತು. ಬೆನಕಪ್ಪನವರಿಗೆ ಬಾಳಿನಲ್ಲಿ ಚೆನ್ನಾಗಿ ಗೊತ್ತಿದ್ದ ಗಾಡಿ ಒಂದೇ, ಎತ್ತಿನ ಗಾಡಿ. ಅದು ನಿಲ್ಲಬೇಕಾದರೆ ಹಗ್ಗ ಜಗ್ಗಬೇಕು. ಮುಂದಿದ್ದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, "ಹೋ! ಹೋ! ನಿಲ್ಲೋ ಬಸವಾ!" ಎಂದು ಎದೆಗೆ ಜಗ್ಗಿಕೊಂಡರು. ಎತ್ತಾಗಿದ್ದರೆ ನಿಲ್ಲುತ್ತಿತ್ತು. ಈ ಗಾಡಿಯಲ್ಲಿ ಕೋಲನ್ನು ಹಿಂದಕ್ಕೆ ಜಗ್ಗಿದರೆ ಮೇಲೆ ಹೋಗಬೇಕೆಂದು ಅರ್ಥ. ಅದು ಹೇಳಿದ ಮಾತು ಕೇಳಿತು.

ಗಾಲಿಗಳು ನೆಲ ಬಿಟ್ಟವು.

ಏರಿಯ ಮೇಲಿನ ಜನ ಒಟ್ಟಿಗೆ ಉಸಿರು ಹಿಡಿದರು. ಕಲ್ಲಪ್ಪನ ಹುಚ್ಚು ಚೆಂಡುಹೂವು ಉದುರಿಸುತ್ತ ಎಸ್‌ಐಯ ಟೋಪಿ ದಾಟಿತು, ಗುಜರಿ ಲಾರಿ ದಾಟಿತು, ಪರಮಶಿವಪ್ಪನವರ ಕೊಡೆ ದಾಟಿತು, ತಂತಿ ಬೇಲಿಯನ್ನೂ ದಾಟಿತು. ಅಲ್ಲಿ ಚೊಂಬಿನ ಪೆಟ್ರೋಲು ಮುಗಿಯಿತು. ಇಂಜಿನ್ನು ಕೆಮ್ಮಿ ನಿಂತಿತು. ಬೆನಕಪ್ಪನವರು ಕೋಲು ಬಿಟ್ಟು ಕರಡಿಗೆ ಹಿಡಿದು, "ಓಂ ನಮಃ ಶಿವಾಯ, ಕಲ್ಲಪ್ಪಾ, ಓಂ ನಮಃ ಶಿವಾಯ" ಎಂದರು. ರೆಕ್ಕೆ ತಿರುಗುತ್ತಲೇ ಇತ್ತು. ಗಾಡಿ ಬೀಳಲಿಲ್ಲ. ಸೌತೆ ಬಳ್ಳಿಗಳ ಮೇಲೆ ಬಾತುಕೋಳಿಯ ಹಾಗೆ ಮೆತ್ತಗೆ ಇಳಿಯಿತು.

ಜನ ಬೇಲಿ ಮುರಿದು ನುಗ್ಗಿದರು. ಎಸ್‌ಐ ಏದುಸಿರು ಬಿಡುತ್ತ ಬಂದು ಪಂಚನಾಮೆಗೆ ಕಾಗದ ಬಿಡಿಸಿದರು.

"ಗಾಡಿ ಇಳಿದ ಜಾಗ ಯಾರದು? ಬೆಳೆ ಯಾರದು? ನಷ್ಟ ಬರ್ಕೊಳ್ತೀನಿ."

ಎಲ್ಲರೂ ಪರಮಶಿವಪ್ಪನವರ ಕಡೆ ನೋಡಿದರು. ಅವರು ಕೊಡೆ ಮಡಚಿದರು.

"ನನಗೇನು ಗೊತ್ತು ಸಾರ್? ಇದು ಸರ್ಕಾರಿ ಕೆರೆ. ಸೌತೆ ತಾನೇ ಹುಟ್ಟಿರಬೇಕು."

"ತಂತಿ ಬೇಲಿ?"

"ಅದೂ..." ಎಂದು ಪರಮಶಿವಪ್ಪನವರು ಸ್ವಲ್ಪ ಯೋಚಿಸಿ, "ಸಾರ್, ಗಾಡಿ ಹಾರಿದ್ರೆ ತಾನೇ ಇಳಿಯೋ ಮಾತು? ಅದು ಹಾರ್ಲೇ ಇಲ್ಲ. ಉರುಳಿಕೊಂಡು ಬಂತು. ನಾನು ಕಣ್ಣಾರೆ ಕಂಡೆ," ಎಂದರು.

ಪಡುವಗಡೆ ಬೇಲಿ ಇದ್ದವರೆಲ್ಲ ಕೂಡಲೇ ಹೌದು ಎಂದರು. ಎಸ್‌ಐ ಮುಖದಲ್ಲೂ ಜೀವ ಬಂತು. ಹಾರಿತು ಎಂದು ಬರೆದರೆ, ನೀವು ಅಲ್ಲಿ ನಿಂತು ಏನು ನೋಡುತ್ತಿದ್ದಿರಿ ಎಂದು ಮೇಲಿನವರು ಕೇಳುತ್ತಾರೆ. "ಹಾಗಾದ್ರೆ ಹಾರಿಲ್ಲ. ಬೆನಕಪ್ಪನೋರೇ, ಕೇಸಿಲ್ಲ, ಏನಿಲ್ಲ. ಸಹಿ ಹಾಕಿ ಮನೆಗೆ ಹೋಗಿ."

"ಹಾರಿಲ್ಲ ಅಂದ್ಮೇಲೆ..." ಎಂದು ರೇಣುಕಾಪ್ರಸಾದ್ ಗುಜರಿ ಲಾರಿಯ ಕಡೆ ಕೈ ಎತ್ತಿದ.

ಬೆನಕಪ್ಪನವರು ಸೀಟಿನಿಂದ ಇಳಿದರು.

"ಹಾರೈತೆ! ಬರೀರಿ ಸಾರ್! ಬೆನಕಪ್ಪ ಅನ್ನೋನು ತಪ್ಪು ಮಾಡ್ಯಾನೆ, ಪರ್ಮಿಷನ್ ಇಲ್ದೆ ಹಾರ್ಯಾನೆ ಅಂತ ಬರೀರಿ. ಕೇಸು ಹಾಕ್ರಿ, ಒಳಗೆ ಹಾಕ್ರಿ. ಆದ್ರೆ ಕಲ್ಲಪ್ಪ ಕಟ್ಟಿದ ಗಾಡಿ ಹಾರಿಲ್ಲ ಅಂತ ಒಂದಕ್ಷರ ಬರೆದ್ರೆ ನಾನು ಸಹಿ ಹಾಕಾಕಿಲ್ಲ!"

"ರೀ, ತಪ್ಪಿಸಿಕೊಳ್ಳೋ ದಾರಿ ಕೊಡ್ತಾ ಇದೀನಿ."

"ನಂಗೆ ಬ್ಯಾಡ. ಸಾಕ್ಷಿ ಬೇಕಾ?" ಎಂದು ಅವರು ಏರಿಯ ಕಡೆ ತಿರುಗಿದರು. "ನೋಡಿದೋರು ಹೇಳ್ರೋ! ಹಾರಿತಾ, ಇಲ್ವಾ?"

ಮೊದಲು ಕ್ಯಾಸನೂರಿನ ಎಮ್ಮೆಯವನು, "ಹಾರ್ತು ಸಾರ್!" ಎಂದ. ಆಮೇಲೆ ಏರಿ ಪೂರ್ತಿ ಕೂಗಿತು. ಆ ಕೂಗಿಗೆ ಕೆರೆಯಂಚಿನ ಕೊಕ್ಕರೆಗಳು ಕೂಡ ಹಾರಿದವು. ಅವಕ್ಕೂ ಪರ್ಮಿಷನ್ ಇರಲಿಲ್ಲ.

ಎಸ್‌ಐ ಪೆನ್ನು ಕಚ್ಚಿದರು. "ಎಷ್ಟು ಎತ್ತರ ಅಂತ ಬರೀಲಿ?"

ರಾಜೇಶ್ವರಮ್ಮ ಮುಂದೆ ಬಂದಳು. "ನಮ್ಮನೆಯವರು ಸೀಟಿನ ಮ್ಯಾಲೆ ಕೂತು ಮುಖ ಎತ್ತಿ ನೋಡ್ತಿದ್ರಲ್ಲ ಸಾರ್, ಅಷ್ಟೆತ್ತರ."

ಎಸ್‌ಐ ಕಾಗದವನ್ನು ಗಾಡಿಯ ಸೀಟಿನ ಮೇಲೆ ಇಟ್ಟುಕೊಂಡರು. ಕೊನೆಗೆ ಬರೆದು ಗಟ್ಟಿಯಾಗಿ ಓದಿದರು. "ದಿವಂಗತ ಕಲ್ಲಪ್ಪನವರು ಕಟ್ಟಿದ ಗಾಡಿಯು ನೆಲ ಬಿಟ್ಟು ಹಾರಿ, ಕೆರೆಯ ಪಡುವಣ ಭಾಗದಲ್ಲಿ, ತಂತಿ ಬೇಲಿಯ ಒಳಗೆ, ಯಾರದೂ ಅಲ್ಲದ ಸೌತೆಯ ಮೇಲೆ ಸುರಕ್ಷಿತವಾಗಿ ಇಳಿದಿದೆ. ಗಾಡಿಯನ್ನು ಜಪ್ತಿ ಮಾಡಲಾಗಿದೆ."

ಜಪ್ತಿಯಾದ ವಸ್ತುವನ್ನು ಗುಜರಿಯವನು ಮುಟ್ಟುವಂತಿಲ್ಲ. ಲಾರಿ ಬರಿದಾಗಿ ಆನವಟ್ಟಿಗೆ ಹೋಯಿತು. ಯಾರದೂ ಅಲ್ಲದ ಸೌತೆಯನ್ನು ಜನ ಮಡಿಲು ತುಂಬ ಕಿತ್ತುಕೊಂಡು ಹೋದರು. ಪರಮಶಿವಪ್ಪನವರು ಮಡಚಿದ ಕೊಡೆ ಹಿಡಿದು ನೋಡುತ್ತ ನಿಂತರು. ರೇಣುಕಾಪ್ರಸಾದ್ ಆಡಿದ ಮಾತಿಗೆ ಗಾಡಿಗೆ ಹಾರ ಹಾಕಿದ. ಹಾಕಿ, ಸೀಟಿನ ಮೇಲೆ ಕೈಯಿಟ್ಟು, "ಭಾವಾ, ತಪ್ಪಾಯ್ತು ಮಾರಾಯ್ರೆ," ಎಂದ. ಕೇಸಿನ ಗತಿ ಏನಾಯಿತು ಎಂದು ಕೇಳಬೇಡಿ. ಅದಿನ್ನೂ ನೆಲದ ಮೇಲೆಯೇ ಇದೆ. ಗಾಡಿ ಠಾಣೆಯ ಅಂಗಳದಲ್ಲಿದೆ. ಗಾಳಿ ಬೀಸಿದಾಗ ರೆಕ್ಕೆ ತಾನಾಗಿ ತಿರುಗುತ್ತದೆ, ಪೊಲೀಸರು ಟೋಪಿ ಹಿಡಿದುಕೊಳ್ಳುತ್ತಾರೆ.

ಅಂದು ಸಂಜೆ ಜನ ಚದುರಿದ ಮೇಲೆ ಬೆನಕಪ್ಪನವರು ಉಳಿದರ್ಧ ಗಡ್ಡವನ್ನು ತೆಗೆಸಿಕೊಂಡು, ಮಿಂದು, ವಿಭೂತಿ ಹಚ್ಚಿ ತಮ್ಮನ ಸಮಾಧಿಗೆ ಹೋದರು. ಹಸಿ ಮಣ್ಣಿನ ಮೇಲೆ ಬಿಲ್ವಪತ್ರೆಯ ಪಕ್ಕದಲ್ಲಿ ಒಡೆದ ಒಂದು ನಿಂಬೆಹಣ್ಣು ಇಟ್ಟರು. ರಾಜೇಶ್ವರಮ್ಮ ದೀಪ ಹಚ್ಚಿದಳು.

"ತಂದೆ ಶಿವನೇ," ಎಂದು ಅವರು ಕೈ ಮುಗಿದರು, "ನನ್ನ ತಮ್ಮ ಕೂತಲ್ಲಿಂದಲೇ ನಿನ್ನ ಕಡೆ ಹೊರಟು ಬಂದಾನೆ. ಅವನ ಇಂಜಿನ್ನು ನಿಂತದೆ. ಮೆತ್ತಗೆ ಇಳಿಸಿಕೋ ತಂದೆ. ನಿನ್ನ ಪಾದದ ಹತ್ರ ಅವನಿಗೆ ಜಾಗ ಕೊಡು, ಶಾಂತಿ ಕೊಡು. ಓಂ ನಮಃ ಶಿವಾಯ."